ಎರಡು ಜಿಬಿಯ ಪ್ರತಿಜ್ಞೆ

ಮನೆಯ ಲಿನಕ್ಸ್ ಕಂಪ್ಯೂಟರಿಗೆ ಎರಡು ಜಿಬಿ ರ‍್ಯಾಮ್ ಧಾರಾಳ, ಅದಕ್ಕಿಂತ ಹೆಚ್ಚು ಕೇಳುವವನು ಲಿನಕ್ಸಿಗೇ ಅವಮಾನ ಮಾಡಿದಂತೆ! ಇದು ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಬಿಸಿ ಚಹಾ ಸಾಕ್ಷಿಯಾಗಿ, ನಾನು ಮಾಡಿದ ಘೋಷಣೆ.

"ಹಂಗಾದ್ರ ನಿಮ್ಮ ಮಷೀನ್ಯಾಗ ನಾಕು ಜಿಬಿ ಯಾಕ ಅದರಿ?" ಎಂದು ಜೊತೆಯಲ್ಲಿ ಕೆಲಸ ಮಾಡುವ ಶೌಕತ ಅಲಿ ಕೇಳಿದ.

ಮಾತಿಗೆ ತಪ್ಪುವ ವಂಶವೇ ನಮ್ಮದು? ಮರುದಿನವೇ ಎರಡೆರಡು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ಕಿತ್ತು ಅವನಿಗೇ ದಾನ ಮಾಡಿದೆ.

ನನ್ನ ಹೆಂಡತಿ ದಾನೇಶ್ವರಿ ಶಾಲಾ ಶಿಕ್ಷಕಿ. ಎಂಟು ವರ್ಷದಿಂದ ನಸುಕಿಗೇ ಎದ್ದು, ಸೇಡಂನ ನಮ್ಮ ಮನೆಯಿಂದ ಎರಡು ಬಸ್ಸು ಹಿಡಿದು, ಚಿಂಚೋಳಿ ದಾಟಿ ಚಂದ್ರಂಪಳ್ಳಿಯ ಆಚೆಯ ಶಾಲೆಗೆ ಹೋಗಿ ಬರುತ್ತಾಳೆ. ಈ ಸಲ ಸೇಡಂಗೇ ವರ್ಗವಾಗುವ ಲಕ್ಷಣವಿತ್ತು. ಆನ್‌ಲೈನ್ ಅರ್ಜಿಗೆ ಆ ವಾರದ ಶನಿವಾರವೇ ಕೊನೆಯ ದಿನ, ಸಂಜೆ ಐದರವರೆಗೆ ಅವಕಾಶ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ತುಂಬಿಸಿ ಬರುತ್ತೇನೆ ಎಂದಳು. ನಾನು ಅಡ್ಡ ನಿಂತೆ. ಮನೆಯಲ್ಲಿ ನನ್ನಂಥ ಪಂಡಿತನಿರುವಾಗ ಅಂಗಡಿಯ ಮೆಟ್ಟಿಲು ಹತ್ತುವುದೇ!

ಅಂದು ನಾಲ್ಕಕ್ಕೆ ಕುಳಿತೆವು. ಅರ್ಜಿಯ ಪುಟ ತೆರೆಯಿತು, ಸೇವಾ ವಿವರ ತುಂಬಿತು, ಪ್ರಮಾಣಪತ್ರಗಳು ಒಂದೊಂದಾಗಿ ಏರಿದವು. ಐದನೆಯದಕ್ಕೆ ಬಾಣದ ಗುರುತು ನಿಂತಲ್ಲೇ ನಿಂತಿತು. ರ‍್ಯಾಮ್ ಸಾಲದೇ ಹೋದರೆ ಲಿನಕ್ಸ್ ತಾನು ಬದುಕಲು ಎಲ್ಲಕ್ಕಿಂತ ದಪ್ಪಗಿರುವ ಪ್ರೋಗ್ರಾಮನ್ನು ಹಿಡಿದು ಕೊಂದುಬಿಡುತ್ತದೆ. ಅಂದು ದಪ್ಪಗಿದ್ದದ್ದು ಬ್ರೌಸರು. ಅರ್ಜಿಯ ಸಮೇತ ಶಿವನ ಪಾದ ಸೇರಿತು!

"ಮದಲಿಂದ ತುಂಬು, ಈ ಸಲ ಆಗ್ತದ" ಎಂದೆ.

ತುಂಬಿದಳು. ಲಿನಕ್ಸ್ ಮತ್ತೆ ಬ್ರೌಸರನ್ನು ಕೊಂದಿತು. ಪಟ್ಟಿ ವಾಪಸು ಕೇಳಲು ಶೌಕತ ಅಲಿಗೆ ಫೋನು ಮಾಡಿದರೆ, ಅದು ದೂರದ ಶಹಾಬಾದಿನ ಅವನ ಮನೆಯಲ್ಲಿ ಸುಖವಾಗಿದೆ ಎಂದ. ಕೊನೆಗೆ ಕಾಗದಪತ್ರ ಹಿಡಿದು ಬೈಕಿನಲ್ಲಿ ಅಂಗಡಿಗೆ ಓಡಿದೆವು. ಅಂಗಡಿಯವನು ಪುಟ ತೆರೆದ. ಅವಧಿ ಮುಗಿದಿದೆ ಎಂದು ಬರೆದಿತ್ತು. ಐದು ಹೊಡೆದು ನಾಲ್ಕು ನಿಮಿಷವಾಗಿತ್ತು.

ಎಂಟು ವರ್ಷ ಅವಳು ಕಾದದ್ದನ್ನು ನಾನು ಒಂದು ಗಂಟೆಯಲ್ಲಿ ಹಾಳು ಮಾಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಮುಂದಿನ ವಾರದ ಭಾನುವಾರ ಅವಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಎದುರಿಗೆ ನಿಂತು, ನಾಳೆಯೇ ಎಂಟು ಜಿಬಿ ಹಾಕಿಸುತ್ತೇನೆ ಎಂದು ಗೋಗರೆದೆ. ಅವಳು ಚೀಲದ ಜಿಪ್ ಎಳೆದಳು.

"ಚಿಂಚೋಳ್ಯಾಗ ಬಾಡಗಿಗಿ ಒಂದು ಖೋಲಿ ಹಿಡದೀನ್ರಿ. ದಿನಾ ಬಸ್ಸಿನ್ಯಾಗ ತಿರುಗೂದು ಇನ್ನ ನನ್ನಿಂದ ಆಗಲ್ಲ. ಎಂಟು ಯಾಕ್ರಿ? ನಿಮ್ಮೊಬ್ಬರಿಗಿ ಎರಡು ಜಿಬಿ ಭಾಳ ಆಯ್ತು."