ಜಂಬಣ್ಣನ ಧಾರಾಪರೀಕ್ಷೆ

ಮಾನ್ಯ ವಾಚಕ ಮಹಾಶಯರೇ! ಶಿಷ್ಟರ ಸಭೆಯಲ್ಲಿ ಉಚ್ಚರಿಸಲು ಸಂಕೋಚವಾಗುವ ಒಂದು ದೇಹಧರ್ಮವೇ ಈ ಕಥಾನಕದ ವಸ್ತುವಾಗಿರುವುದರಿಂದ, ಮೂಗು ಮುರಿಯುವವರು ಈಗಲೇ ಪುಟ ತಿರುವಬಹುದು. ಉಳಿದವರು ನನ್ನೊಡನೆ ಮಸ್ಕಿಗೆ ಬನ್ನಿರಿ.

ಅಲ್ಲಿಯ ಕಿರಾಣಿ ವ್ಯಾಪಾರಿ ಜಂಬಣ್ಣನಿಗೆ ಅರವತ್ತೆರಡು ತುಂಬಿತ್ತು. ಅವನ ಹೆಂಡತಿ ಪಾರ್ವತೆಮ್ಮ ಮಗಳ ಬಾಣಂತನಕ್ಕೆಂದು ದಢೇಸುಗೂರಿಗೆ ಹೋಗಿ ಏಳು ತಿಂಗಳಾಗಿತ್ತು. ಸಿಂಧನೂರಿನಲ್ಲಿ ಬಸ್ಸು ಬದಲಿಸಿದರೆ ಎರಡು ತಾಸಿನ ದಾರಿ. ಆದರೆ ಜಂಬಣ್ಣನ ಮೂತ್ರಕೋಶ ಅರ್ಧ ತಾಸಿಗಿಂತ ಹೆಚ್ಚಿನ ಕರಾರಿಗೆ ಒಪ್ಪುತ್ತಿರಲಿಲ್ಲ. ಅವಸರದಿಂದ ಇಳಿದು ಕುಳಿತರೆ, ಒಣಗಿದ ನಿಂಬೆಹಣ್ಣು ಹಿಂಡಿದಂತೆ ನಾಲ್ಕೇ ಹನಿ. ಒಮ್ಮೆ ಧೈರ್ಯಮಾಡಿ ಹೊರಟು, ಮೂರು ಸಲ ಬಸ್ಸು ನಿಲ್ಲಿಸಿದಾಗ ಕಂಡಕ್ಟರನು, "ಯಜಮಾನ್ರ, ಇದು ಬಸ್ಸೋ, ನಿಮ್ಮ ಹಿತ್ತಲೋ?" ಎಂದು ಅವನನ್ನು ನಡುದಾರಿಯಲ್ಲೇ ಬಿಟ್ಟುಹೋಗಿದ್ದ. ಅಂದಿನಿಂದ ಸಿಂಧನೂರಿನ ಬಸ್ಸು ಅಂಗಡಿಯ ಮುಂದೆ ಹಾಯುವಾಗಲೆಲ್ಲ, ತೂಗುತ್ತಿದ್ದ ಜೋಳ ಕೈಯಲ್ಲೇ ನಿಂತು, ಕಣ್ಣುಗಳು ಮಾತ್ರ ಬಸ್ಸು ಹತ್ತಿ ಹೋಗುತ್ತಿದ್ದವು.

ಲಿಂಗಸೂಗೂರಿನ ಡಾಕ್ಟರಮ್ಮ ನಂದಿನಿ ಮಸ್ಕಿಯ ಆರೋಗ್ಯ ಶಿಬಿರಕ್ಕೆ ಬಂದಾಗ ಉಪಾಯ ಹೇಳಿದ್ದಳು: "ಫೋನಿನ್ಯಾಗ ಒಂದು ಆ್ಯಪ್ ಹಾಕಸ್ರಿ. ಬಕೀಟಿನ ನೀರಿಗೆ ಧಾರಿ ಬೀಳೋ ಸಪ್ಪಳ ಕೇಳಿ, ಜೋರು ಐತೋ ಇಲ್ಲೋ ಅಂತ ಅದ ಹೇಳ್ತೈತಿ. ಸಾವಿರಾರು ಮಂದಿ ಸಪ್ಪಳ ಕೇಳಿ ಕಲ್ತೈತ್ರಿ ಅದು. ವರದಿ ನೋಡಿ ಗುಳಿಗಿ ಕೊಡ್ತೀನಿ. ಮುಂದ ನಿಶ್ಚಿಂತಿಲೆ ಬಸ್ ಹತ್ರಿ."

ಮೊಬೈಲ್ ಅಂಗಡಿಯ ಇಲಿಯಾಸ್ ಮರುದಿನ ಬೆಳಿಗ್ಗೆಯೇ ಬಂದು ಆ್ಯಪ್ ಹಾಕಿಕೊಟ್ಟ. ಜಂಬಣ್ಣ ಫೋನನ್ನು ಬಚ್ಚಲಿನ ಕಿಟಕಿಯಲ್ಲಿಟ್ಟು, ಹುಟ್ಟಿದಂದಿನಿಂದ ರೂಢಿಯಾದಂತೆ ಕುಕ್ಕರಗಾಲಲ್ಲಿ ಕುಳಿತ. ಕುಳಿತವನಿಂದ ಸದ್ದೆಲ್ಲಿ ಬರಬೇಕು? ಯಂತ್ರದೊಳಗಿನ ಹೆಣ್ಣುದನಿ ಓಣಿಗೆಲ್ಲ ಕೇಳುವಂತೆ ಸಾರಿತು: "ಸದ್ದು ಕೇಳಿಸಲಿಲ್ಲ. ದಯವಿಟ್ಟು ನಿಂತು ಮೂತ್ರ ಮಾಡಿರಿ."

ಗೋಡೆಯಾಚೆಯಿಂದ ನೆರೆಮನೆಯ ಹಸೀನಾಬೀ ಕೂಗಿದಳು: "ಜಂಬಣ್ಣ ಭಾಯ್, ಅಕಿ ಅಷ್ಟು ಮರ್ಯಾದಿಲೆ ಕೇಳಾಕತ್ತಾಳ, ನಿಂದರಬಾರದೇನು?"

ಜಂಬಣ್ಣ ನಿಂತ. ನೀರಿನ ಬಕೀಟು ಮುಂದಕ್ಕೆಳೆದು ಗೋಡೆಗೆ ಒಂದು ಕೈ ಊರಿದ. ಹೊರಗೆ ಮಂದಿ ಕೂಡಿದ ಸದ್ದಿಗೆ ಬರುವುದೂ ಬರದೆ ಹೋಯಿತು.

"ಬಂತೇನ್ರೀ ಕಾಕಾ?" ಎಂದ ಇಲಿಯಾಸ್.

"ನೀವು ಹೋದ್ರ ಬರ್ತೈತೋ ಮಾರಾಯಾ!"

ಎದುರುಮನೆಯ ಶೇಖರಮ್ಮ ಆರು ಮಕ್ಕಳನ್ನು ಸಾಕಿದವಳು. "ಕೂಸಿಗೆ ಹೆಂಗ ಮಾಡಸ್ತೀವಿ? ಹಂಗ ಮಾಡ್ರಿ," ಎಂದವಳೇ "ಸ್ಸ್... ಸ್ಸ್..." ಎಂದು ಆರಂಭಿಸಿದಳು. ಓಣಿಯೆಲ್ಲ ದನಿಗೂಡಿಸಿತು. ನಾಗರಪಂಚಮಿಯಂದು ಹುತ್ತಗಳೆಲ್ಲ ಒಮ್ಮೆಲೇ ಎಚ್ಚೆತ್ತಂತಾಯಿತು. ಒಳಗೆ ಮಾತ್ರ ಒಂದು ಹನಿಯೂ ಇಲ್ಲ.

"ಇದಕ್ಕ ನೀರಿನ ಸಪ್ಪಳನ ಬೇಕು," ಎಂದು ಶೇಖರಮ್ಮ ಬಚ್ಚಲಿನ ಹೊರಗೋಡೆಗೆ ಹೊಂದಿಕೊಂಡಿದ್ದ ನಳ ತಿರುವಿದಳು. ಅಂದು ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ದಿನ. ತಾಮ್ರದ ಹಂಡೆಗೆ ಧಬಧಬನೆ ನೀರು ಬಿತ್ತು. ಜಂಬಣ್ಣ ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಹಿಗ್ಗಿ ನುಡಿಯಿತು: "ಅಭಿನಂದನೆಗಳು! ನಿಮ್ಮ ಧಾರೆ ಅತ್ಯುತ್ತಮ. ವರದಿಯನ್ನು ವೈದ್ಯರಿಗೆ ಕಳುಹಿಸಲಾಗಿದೆ."

ಓಣಿ ಚಪ್ಪಾಳೆ ತಟ್ಟಿತು. ಜಂಬಣ್ಣ ಲುಂಗಿ ಬಿಗಿದುಕೊಂಡು ಹೊರಗೋಡಿ ಬಂದ. "ಅದು ನಂದಲ್ರೋ!"

"ನಾಚಿಕಿ ಯಾಕ್ರಿ ಕಾಕಾ? ಕಾಕಿಗೂ ಕಳ್ಸೀನಿ," ಎಂದು ಇಲಿಯಾಸ್ ಕಿಟಕಿಯಿಂದ ತೆಗೆದ ಫೋನು ತೋರಿಸಿ ಹಲ್ಲು ಕಿರಿಯುತ್ತಿರುವಾಗಲೇ ಅದು ರಿಂಗಣಿಸಿತು. ಏಳು ತಿಂಗಳ ಹಂಬಲವೆಲ್ಲ ಕಿವಿಗೆ ಬಂದು, ಜಂಬಣ್ಣ ಫೋನನ್ನು ಎರಡು ಕೈಯಲ್ಲಿ ಹಿಡಿದ.

"ಶಿವ ಕಣ್ಣು ತೆರದಾ ನೋಡ್ರಿ!" ಎಂದಳು ಪಾರ್ವತೆಮ್ಮ. "ನಿಮಗ ಆರಾಮಿಲ್ಲಂತ ನಾಳಿಗೆ ಬರಾಕ ಚೀಲ ಕಟ್ಟಿದ್ದೆ. ಈಗಿನ್ನ ಬಿಚ್ಚಿಡ್ತೀನಿ. ಕೂಸು ನಡ್ಯೋತನಕ ಇದ್ದು ಬರ್ತೀನಿ. ನೀವ ಬಸ್ ಹತ್ತಿ ಬರ್ರಲ್ಲ, ಗಟ್ಟಿ ಆಗೀರಿ!"

"ಬಿಚ್ಚಬ್ಯಾಡಬೇ! ಅದು ನಳದ ಸಪ್ಪಳ!"

"ಹೌದೌದು, ಮಷೀನ್ ಸುಳ್ಳು, ನೀವ ಖರೆ! ಹೋದ ತಿಂಗಳ ಎದಿ ಹಿಡ್ದೈತಂದ್ರಿ. ಅಳಿಯ ಓಡಿಬಂದು ನೋಡಿದ್ರ ಮಿರ್ಚಿ ತಿನ್ನಾಕತ್ತಿದ್ರಂತ."

ಮಧ್ಯಾಹ್ನ ನಳ ನಿಂತು, ಓಣಿ ಉಣ್ಣಲು ಹೋದಾಗ, ಜಂಬಣ್ಣ ಎರಡು ತಂಬಿಗೆ ನೀರು ಕುಡಿದು ಮತ್ತೆ ನಿಂತ. ಹನಿ ಹನಿಯಾಗಿ ಸತ್ಯ ಹೊರಬಿತ್ತು. "ಹರಿವು ಅತಿ ದುರ್ಬಲ," ಎಂದಿತು ಯಂತ್ರ. ಅಷ್ಟು ಸಂತೋಷದಿಂದ ಆ ಮಾತನ್ನು ಜಗತ್ತಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ತಕ್ಷಣವೇ ಆ ವರದಿಯನ್ನು ಹೆಂಡತಿಗೆ ಕಳುಹಿಸಿದ.

ಉತ್ತರವೂ ತಕ್ಷಣವೇ ಬಂತು: "ಬೇಕಂತ ತಡದು ಹೊಯ್ದೀರಿ. ಈ ವಯಸ್ಸಿನ್ಯಾಗ ಬುದ್ಧಿ ಬ್ಯಾಡೇನು?"

ಸಂಜೆ ಡಾಕ್ಟರಮ್ಮನ ಕರೆ: "ಏನ್ರಿ ಯಜಮಾನ್ರ, ಮುಂಜಾನಿ ಕಾಲುವಿ, ಮಧ್ಯಾಹ್ನ ಹನಿ? ಯಾವುದು ನಂಬಿ ಗುಳಿಗಿ ಕೊಡ್ಲಿ? ನಾಳಿಗೆ ಬಸ್ ಹತ್ತಿ ಲಿಂಗಸೂಗೂರಿಗೆ ಬಂದುಬಿಡ್ರಿ."

ಈ ವೃತ್ತಾಂತವನ್ನು ಜಂಬಣ್ಣ ತನ್ನ ಅಂಗಡಿಯ ಕಟ್ಟೆಯ ಮೇಲೆ, ಬಸ್ಸಿಗಾಗಿ ಕಾಯುತ್ತಿದ್ದ ದಾರಿಹೋಕನಾದ ನನಗೆ ಹೇಳಿ ಮುಗಿಸುವ ವೇಳೆಗೆ ನನ್ನ ಬಸ್ಸು ಬಂದಿತ್ತು. ನಾನು ಅಂಗಿ, ಪಂಚೆ, ಓದಿ ಸವೆದ ಎರಡು ಪುಸ್ತಕಗಳನ್ನು ತುರುಕಿದ್ದ ಚೀಲ ಎತ್ತಿಕೊಂಡು ಎದ್ದೆ.

"ಎತ್ಲಾಗ ಹೊಂಟ್ರಿ?"

"ಸಿಂಧನೂರು. ಅಲ್ಲಿಂದ ದಢೇಸುಗೂರಿನ ಮೇಲೆ ಹಾದು ಮುಂದಕ್ಕೆ."

ಅವನು ನನ್ನ ಚೀಲ ಹಿಡಿದುಕೊಂಡ. "ಅಕಿ ಕಂಡ್ರ, ಆರಾಮ ಅದಾನಂತ ಹೇಳ್ರಿ. ಬ್ಯಾಡ, ಆರಾಮಿಲ್ಲಂತ ಹೇಳ್ರಿ. ಬ್ಯಾಡ ಬಿಡ್ರಿ, ಅದನ್ನೂ ನಂಬಂಗಿಲ್ಲ. ಅಂಗಳದಾಗ ಕೂಸು ಆಡಸ್ಕೊಂತ ಕುಂತಿರ್ತಾಳ, ಸುಮ್ನ ನೋಡಿಕೊಂಡು ಹೋಗ್ರಿ."

ಚೀಲ ಬಿಡಿಸಿಕೊಂಡು ಬಸ್ಸು ಹತ್ತಿದೆ. ಸಿಂಧನೂರು ಬರುವವರೆಗೆ ಯಾರೊಬ್ಬರೂ ಅದನ್ನು ನಿಲ್ಲಿಸೆಂದು ಕೇಳಲಿಲ್ಲ.