ಹೆಸರು ಬರೆಸಲು ಬಂದವರು

ಮರ್ಫಿ ಟೌನಿನಲ್ಲಿ ನಂದೊಂದು ಡಿಟಿಪಿ ಅಂಗಡಿ. ಬೋರ್ಡು, ವಿಸಿಟಿಂಗ್ ಕಾರ್ಡು, ಅಫಿಡವಿಟ್ಟು, ಎಲ್ಲ ಮಾಡಿಕೊಡ್ತೀನಿ. ಹೆಸರು ಬರೆಸಲು ಬರುವವರು ಅದನ್ನು ಸರಿಯಾಗಿ ಬರೆದುಕೊಂಡು ಬಂದದ್ದು ಇಷ್ಟು ವರ್ಷದಲ್ಲಿ ಅಪರೂಪ. ಸರಿಯಾಗಿ ಬರೆದುಕೊಂಡು ಬಂದರೆ ಕೆಡಿಸುವುದಕ್ಕೆ ನಾನಿದ್ದೇನೆ.

ಹಕಾರದ ಜಗಳ

ಕೆ.ಆರ್. ಪುರದ ಕಡೆಯ ಹಳೇ ಊರಿನ ಗೌಡರೊಬ್ಬರು ಬಂದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಮನೆ ಎದ್ದಿದೆ. ಗೇಟಿಗೆ ಸ್ಟೀಲ್ ಅಕ್ಷರದಲ್ಲಿ ಮನೆ ಹೆಸರು ಬೇಕಂತೆ. ಚೀಟಿಯಲ್ಲಿ ‘ಅರ್ಶ ನಿಲಯ’ ಅಂತ ಬರೆದಿತ್ತು.

“ಹರ್ಷ ಅಲ್ವಾ ಸಾರ್? ಹ ಹಾಕ್ಬೇಕು” ಅಂದೆ.

ಗೌಡರಿಗೆ ರೇಗಿತು. “ನಮ್ ತಾತನ ಕಾಲದಿಂದ ನಾವು ಇಂಗೇ ಮಾತಾಡೋದು. ನಮ್ಮೂರಲ್ಲಿ, ನಮ್ ಮನೆ ಎಸ್ರು, ನಮ್ ಬಾಯಲ್ಲಿ ಬರೋ ಅಂಗೆ ಇರ್ಬೇಕು. ಓದ್ದೋರು ಬಂದು ತಿದ್ದೋದಲ್ಲ.”

ಮಾತು ನ್ಯಾಯವಾಗಿಯೇ ಇತ್ತು. ಹೇಳಿದಂತೆಯೇ ಮಾಡಿಸಿಕೊಟ್ಟೆ.

ಒಂದು ತಿಂಗಳಿಗೆ ತಿರುಗಿ ಬಂದರು. “ಏನಮ್ಮಾ ಇದು? ಯಾರ್ಯಾರೋ ಬಂದು ಗೇಟ್ ತಟ್ತಾರೆ. ಡಾಕ್ಟ್ರು ಎಷ್ಟೊತ್ಗೆ ಬರ್ತಾರೆ ಅಂತಾರೆ. ನಮ್ಮನೇಲಿ ಯಾವ ಡಾಕ್ಟ್ರು? ಕೊನೆಗೆ ಒಬ್ಬ ಪುಣ್ಯಾತ್ಮ ಬಿಡಿಸಿ ಏಳ್ದ. ಅರ್ಶ ಅಂದ್ರೆ ಆಯುರ್ವೇದದಲ್ಲಿ ಮೂಲವ್ಯಾಧಿಯಂತೆ!”

ನಾನು ನಗು ತಡೆಯಲು ಕೀಬೋರ್ಡ್ ಒರೆಸುತ್ತಾ ಕೂತೆ. ಗೌಡರು ತಮ್ಮಷ್ಟಕ್ಕೆ ಯೋಚಿಸಿ ಹೇಳಿದರು: “ಅದಕ್ಕೇ ಅನ್ನು. ಬಂದೋರ್ಗೆಲ್ಲ ಮರ್ಯಾದೆಯಿಂದ ಕುರ್ಚಿ ಆಕಿದ್ರೂ, ಒಬ್ರೂ ಕೂತ್ಕೊಳ್ತಿರ್ಲಿಲ್ಲ!”

ಎರಡು ಪಿ

ಜೀವನ್ ಬಿಮಾ ನಗರದ ನಿವೃತ್ತ ಅಧಿಕಾರಿಯೊಬ್ಬರು ಸಂಖ್ಯಾಶಾಸ್ತ್ರದವರನ್ನು ಕೇಳಿ, ಪ್ರಕಾಶ್ ಅನ್ನುವ ತಮ್ಮ ಹೆಸರಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪಿ ಸೇರಿಸಿಕೊಂಡಿದ್ದರು. ಕನ್ನಡದಲ್ಲೂ ಹಾಗೇ ಬೇಕು ಅಂದರು.

“ಕನ್ನಡದಲ್ಲಿ ಅದನ್ನ ಓದೋಕಾಗಲ್ಲ ಸಾರ್.”

“ಅದೃಷ್ಟಕ್ಕೆ ಭಾಷೆ ಇಲ್ಲಮ್ಮಾ. ಹಾಕು.”

ಕಾರ್ಡಿನಲ್ಲಿ ‘ಪ್ಪ್ರಕಾಶ್’ ಅಂತಲೇ ಹಾಕಿದೆ. ತೆಗೆದುಕೊಂಡು ಹೋಗಲು ಅವರ ಹೆಂಡತಿಯೂ ಬಂದಿದ್ದರು. ಕಾರ್ಡನ್ನು ದೂರ ಹಿಡಿದು ಓದತೊಡಗಿದರು. “ಪ್ಪ್ರ... ಪ್ಪ್ರ್... ಪ್ಪ್ರ್ರ್...” ಆಮೇಲೆ ಗಂಡನ ಕಡೆ ತಿರುಗಿ, “ಏನ್ರೀ, ನಮ್ಮ ಹಳೇ ಸ್ಕೂಟರ್‌ಗೂ ಕಾರ್ಡ್ ಮಾಡಿಸಿದೀರಾ?”

ನಾಲ್ಕು ಲಿಪಿ, ಒಂದು ಅಂಗಡಿ

ಬೋರ್ಡಿನಲ್ಲಿ ಕನ್ನಡವೇ ದೊಡ್ಡದಾಗಿರಬೇಕು ಅಂತ ಪಾಲಿಕೆ ಆಫೀಸಿನವರು ಹೇಳಿಹೋದ ವಾರ, ಶಿವಾಜಿನಗರದ ಟೈಲರ್ ಒಬ್ಬರು ಬಂದರು. ಅಂಗಡಿ ಅಂದರೆ ಒಂದು ಬಾಗಿಲಿನಷ್ಟು ಅಗಲ.

“ಮೇಲೆ ದೊಡ್ಡದಾಗಿ ಕನ್ನಡ, ಮೇಡಂ. ಅದು ಸರಿ. ಕೆಳಗೆ ಉರ್ದು ಇಲ್ಲಾಂದ್ರೆ ನಮ್ಮ ಅಬ್ಬಾ ಅಂಗಡಿ ಮೆಟ್ಟಿಲು ಹತ್ತಲ್ಲ. ಆಮೇಲೆ ತಮಿಳು, ಎದುರುಮನೆ ಪಾಟಿ ಅಜ್ಜಿ ಹಳೇ ಗಿರಾಕಿ. ಆಮೇಲೆ ಇಂಗ್ಲಿಷ್.”

“ಇಂಗ್ಲಿಷ್ ಯಾರಿಗೆ?”

“ಯಾರಿಗೂ ಇಲ್ಲ. ಅದಿಲ್ಲಾಂದ್ರೆ ಅಂಗಡಿ ಮುಚ್ಚಿದೆ ಅನ್ಕೊಳ್ತಾರೆ.”

ಯಾರಿಗೂ ಬೇಜಾರಾಗಬಾರದು ಅಂತ ನಾಲ್ಕು ಲಿಪಿಯಲ್ಲೂ ಅವರ ಹೆಸರು ಹಾಕುವಷ್ಟರಲ್ಲಿ ಬೋರ್ಡು ತುಂಬಿಹೋಯಿತು. ‘ಟೈಲರ್’ ಅನ್ನುವುದಕ್ಕೆ ಒಂದು ಲಿಪಿಯಲ್ಲೂ ಜಾಗ ಉಳಿಯಲಿಲ್ಲ. ಮೊದಲ ವಾರ ಒಬ್ಬರು ಹಲ್ಲು ಕೀಳಿಸಲು ಬಂದರಂತೆ, ಇನ್ನೊಬ್ಬರು ಮೊಬೈಲ್ ರಿಪೇರಿಗೆ. ಆಮೇಲೆ ನಾನು ಆ ಕಡೆ ಹೋದಾಗ ಬೋರ್ಡಿನ ಕೆಳಗೆ ಒಂದು ಪ್ಯಾಂಟು ನೇತಾಡುತ್ತಿತ್ತು.

“ಈಗ ಪರವಾಗಿಲ್ಲ ಮೇಡಂ,” ಅಂದರು. “ಪ್ಯಾಂಟನ್ನ ಎಲ್ಲಾ ಭಾಷೆಯವರೂ ಓದ್ತಾರೆ.”

ನಾನು ಒಬ್ಬನೇ

ನಮ್ಮ ಹಿಂದಿನ ಬೀದಿಯ ಬಾಡಿಗೆ ರೂಮಿನಲ್ಲಿ ಕಲಬುರಗಿ ಕಡೆಯ ಗಾರೆ ಕೆಲಸದವರೊಬ್ಬರಿದ್ದಾರೆ. ದಪ್ಪ ಮೀಸೆ, ಮೆತ್ತಗಿನ ಮಾತು, ಹೆಸರು ಶರಣಬಸಪ್ಪ. ಒಂದು ದಿನ ಓಡಿಬಂದರು. ಮಗಳನ್ನು ಶಾಲೆಗೆ ಸೇರಿಸಲು ಮರುದಿನವೇ ಕೊನೆ. ಆದರೆ ಅವರ ಹೆಸರು ಒಂದು ಕಾರ್ಡಿನಲ್ಲಿ ಶರಣಬಸಪ್ಪ, ಇನ್ನೊಂದರಲ್ಲಿ ಸರಣಬಸಪ್ಪ, ಮತ್ತೊಂದರಲ್ಲಿ ಶರಬಣಸಪ್ಪ. ಮೂರೂ ಒಬ್ಬರೇ ಅಂತ ಅಫಿಡವಿಟ್ ತರಬೇಕಂತೆ.

“ಅಕ್ಕಾರ, ನಾ ಒಬ್ಬನ ಇದ್ದೀನಂತ ಬರದು ಕೊಡ್ರಿ. ಹುಡುಗಿ ಚೀಲ ಹಾಕ್ಕೊಂಡ ಕುಂತಾಳ.”

ಗಡಿಬಿಡಿಯಲ್ಲಿ ಟೈಪ್ ಮಾಡಿ, ನಾನೇ ಜೊತೆಗೆ ನೋಟರಿಯವರ ಹತ್ತಿರ ಹೋದೆ. ಅವರು ಒಂದು ಸಲ ಓದಿದರು. ಕನ್ನಡಕದ ಮೇಲಿನಿಂದ ಆ ಮೀಸೆಯನ್ನು ನೋಡಿದರು. ಮತ್ತೆ ಓದಿದರು.

“ಏನಮ್ಮಾ, ಇವರು ಶರಣಬಸವ್ವನಾ?”

ಪ್ಪ ಒತ್ತುವ ಕಡೆ ವ್ವ ಒತ್ತಿದ್ದೆ!

“ಈ ಮೂರು ಜನ ಗಂಡಸರೂ ಒಬ್ಬನೇ ಅಂತ ಒಬ್ಬ ಹೆಂಗಸು ಪ್ರಮಾಣ ಮಾಡ್ತಿದಾಳೆ,” ಅಂದರು ನೋಟರಿ. “ಆ ಹೆಂಗಸನ್ನ ಕರ್ಕೊಂಡು ಬನ್ನಿ, ಸೀಲ್ ಹಾಕ್ತೀನಿ.”

ನೆಲ ಬಿರಿಯಬಾರದಾ ಅನ್ನಿಸಿತು. ಅಂಗಡಿಗೆ ಓಡಿ ಮತ್ತೆ ಟೈಪ್ ಮಾಡಿ, ಅಕ್ಷರಕ್ಕೆ ಬೆರಳಿಟ್ಟು ಓದಿಸಿ, ಸೀಲ್ ಹಾಕಿಸಿಕೊಟ್ಟೆ. ಹುಡುಗಿ ಶಾಲೆಗೆ ಸೇರಿದಳು.

ಮರುವರ್ಷ ಎರಡನೇ ಮಗಳು ಹುಟ್ಟಿದಾಗ ಪೇಡೆ ತಂದುಕೊಟ್ಟರು. “ಈ ಸಲ ಎರಡೇ ಅಕ್ಷರದ ಹೆಸರ್ ಇಟ್ಟೀನ್ರಿ. ಉಮಾ. ಹೆಂಗ್ ತಪ್ಪ ಮಾಡ್ತಾರ ಮಾಡ್ಲಿ, ನೋಡಾಮು!”

ಜನನ ಪತ್ರ ಬಂತು. ಇಂಗ್ಲಿಷಿನಲ್ಲಿ ಯಾರೋ ಒಂದು ಎಂ ಜಾಸ್ತಿ ಹಾಕಿದ್ದರು. ಅದನ್ನು ನೋಡಿ ಇನ್ಯಾರೋ ಕನ್ನಡಕ್ಕಿಳಿಸಿದ್ದರು: ‘ಉಮ್ಮಾ’.

“ಪರವಾಗಿಲ್ಲ ಬಿಡಿ, ನಿಧಾನಕ್ಕೆ ತಿದ್ದಿಸೋಣ. ಮಗೂನ ಮುದ್ದು ಮಾಡಿದ ಹಾಗಿದೆ” ಅಂತ ಸಮಾಧಾನ ಹೇಳಿದೆ.

“ನಿಧಾನ ಬ್ಯಾಡ್ರಿ ಅಕ್ಕಾರ, ಇವತ್ತ ತಿದ್ದಸ್ರಿ!” ಅವರ ಮೀಸೆ ನಡುಗುತ್ತಿತ್ತು. “ನಿನ್ನೆ ಕೂಸಿಗಿ ಸೂಜಿ ಮಾಡ್ಸಾಕ ದವಾಖಾನಿಗಿ ಹೋಗಿದ್ವಿ. ಕೂಸು ನನ್ ಕೈಯಾಗಿತ್ತು. ಆ ಸಿಸ್ಟರು ಈ ಪತ್ರ ನೋಡಿ, ಎಲ್ಲರ ಮುಂದ ಜೋರಾಗಿ ಕೂಗಿದ್ರು: ‘ಶರಣಬಸಪ್ಪಾ, ಬೇಗ ಬಂದು ಉಮ್ಮಾ ಕೊಡಿ!’ ಬಾಜೂಕ ನನ್ ಹೆಂಡ್ತಿ ನಿಂತಿದ್ಳ್ರೀ!”