ಕಣ್ಣಿಗೆ ಕಾಣದ ನೆಂಟರು

ಬಡಿಸುವ ಕೈಯನ್ನು ತಡೆದು ನಿಲ್ಲಿಸುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ನೆಂಟರು 'ಸಾಕು' ಎನ್ನುವುದು ಬರೀ ಸಂಕೋಚಕ್ಕೆ ಎಂಬುದು ನನ್ನ ನಂಬಿಕೆ. ಎಲೆಗೆ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಪಾಯಸ ಬಿಟ್ಟವಳು ನಾನು. ಒಮ್ಮೆ ಒಲೆ ರಿಪೇರಿಗೆ ಬಂದವನಿಗೆ ಒತ್ತಾಯ ಮಾಡಿ ಹೋಳಿಗೆ ಹಾಕಿದೆ. ಅವನು ಬಿಚ್ಚಿದ ಒಲೆಯ ಮುಂದೆಯೇ ತೂಕಡಿಸಿ, "ನಾಳೆ ಬರ್ತೀನಿ ಆಂಟಿ" ಎಂದು ಹೊರಟುಹೋದ. ಅಂದು ಸಂಜೆ ನಮ್ಮ ಯಜಮಾನರು ಕಾಫಿಯಿಲ್ಲದೆ ಕೂತರು. ಆಗಲೂ ನನಗೆ ಬುದ್ಧಿ ಬರಲಿಲ್ಲ.

ಹೊಸಹಳ್ಳಿಯಲ್ಲಿ ನಮ್ಮದು ಊರು ಹಳ್ಳಿಯಾಗಿದ್ದಾಗಿನ ಮನೆ. ಹಿತ್ತಲಲ್ಲಿ ಒಂದು ಸೇದುವ ಬಾವಿ. ಮೆಟ್ರೋ ಹಾಯುವಾಗ ಅದರ ರಾಟೆ ಸಣ್ಣಗೆ ನಡುಗುತ್ತದೆ. ಅದನ್ನು ತೋಡಿದವರು ನಮ್ಮ ಮಾವ ಮತ್ತು ಅವರ ಅಣ್ಣ. ಎಂಬತ್ತು ದಾಟಿದ ಮೇಲೂ ಮಾವ ಬೆಳಗ್ಗೆ ನೀರು ಸೇದಿ, ದಾಸವಾಳಕ್ಕೆ, ತೆಂಗಿಗೆ, ಬೀದಿಯವರ ಗಿಡಗಳಿಗೂ ಹಾಕಿ ಬರುತ್ತಿದ್ದರು. ಹಿಂದಿನ ಬೀದಿಯ ಶೆಡ್ಡಿನಲ್ಲಿ ಯಾರೋ ಕಬ್ಬಿಣದ ಬಿಡಿಭಾಗಗಳ ಗ್ರೀಸ್ ತೊಳೆಯುತ್ತಿದ್ದರು. ಶೆಡ್ಡು ಹೋಯಿತು, ತೊಳೆಯಲು ಬಳಸಿದ ಔಷಧಿ ಮಾತ್ರ ನೆಲಕ್ಕಿಳಿದು ನಮ್ಮ ಬಾವಿ ಸೇರಿತ್ತು. ಪರೀಕ್ಷೆ ಮಾಡಿದವರು ಈ ನೀರು ಮುಟ್ಟಬೇಡಿ ಎಂದರು. ಯಜಮಾನರು ಹಗ್ಗ ಬಿಚ್ಚಿಟ್ಟರು.

ಅಂದಿನಿಂದ ಮಾವ ಗೋಡೆ ನೋಡುತ್ತ ಕುರ್ಚಿಯಲ್ಲಿ ಕೂತುಬಿಟ್ಟರು. ನನಗೆ ಗೊತ್ತಿದ್ದ ಔಷಧಿ ಒಂದೇ. ಒಂದು ಮುದ್ದೆಯ ಜಾಗಕ್ಕೆ ಎರಡು ಇಟ್ಟೆ, ಕುರ್ಚಿಯ ಹತ್ತಿರಕ್ಕೇ ತಟ್ಟೆ ಒಯ್ದೆ, ಎದ್ದು ಕೈ ತೊಳೆಯುವ ಶ್ರಮವೂ ಬೇಡವೆಂದು ಚೊಂಬು ಹಿಡಿದು ನಿಂತೆ.

ಈ ನಡುವೆ ನನ್ನ ತಂಗಿಯ ಮಗಳು ಶ್ರುತಿ, ಸೂಕ್ಷ್ಮಾಣುಗಳ ಬಗ್ಗೆ ಸಂಶೋಧನೆ ಮಾಡುವವಳು, ಬಾವಿಕಟ್ಟೆಯ ಪಕ್ಕ ಜಲ್ಲಿ ತುಂಬಿದ ಒಂದು ಡ್ರಮ್ಮು ತಂದಿಟ್ಟಳು. ಆ ಜಲ್ಲಿಯ ಮೇಲಿನ ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದಾವಂತೆ. ಅವುಗಳ ಊಟ ಮೀಥೇನ್, ಅಂದರೆ ಸಗಣಿ ಗ್ಯಾಸಿನಲ್ಲಿ ಉರಿಯುತ್ತದಲ್ಲ, ಅದೇ. ಅದನ್ನು ತಿನ್ನುತ್ತ ತಿನ್ನುತ್ತ ನೀರಿನ ವಿಷವನ್ನೂ ಮುರಿದುಹಾಕುತ್ತವಂತೆ. ಬಾವಿಯ ನೀರನ್ನು ಸಣ್ಣ ಮೋಟಾರು ಮೇಲಿನ ತೊಟ್ಟಿಗೆ ಏರಿಸುತ್ತದೆ, ಅಲ್ಲಿಂದ ಅದು ಡ್ರಮ್ಮಿನ ಮೂಲಕ ಇಳಿದು ಬರುತ್ತದೆ. ಯಜಮಾನರು ಒಪ್ಪಿದರು, ಆದರೆ ಖಡಾಖಂಡಿತವಾಗಿ ಹೇಳಿದರು: "ಮುಂದಿನ ಟೆಸ್ಟಲ್ಲಿ ಸರಿಹೋಗಿಲ್ಲ ಅಂದ್ರೆ ಬಾವಿಗೆ ಮಣ್ಣು ತುಂಬಿಸಿಬಿಡ್ತೀನಿ. ಮಕ್ಕಳು ಓಡಾಡೋ ಬೀದಿ ಇದು."

ಶ್ರುತಿ ಡ್ರಮ್ಮಿಗೆ ಮೀಥೇನ್ ಬಿಡುವ ಸಿಲಿಂಡರಿನ ತಿರುಪಿನ ಮೇಲೆ ನನ್ನದೇ ಉಗುರುಬಣ್ಣದಿಂದ ಗೆರೆ ಎಳೆದು, "ಇಷ್ಟೇ ಕೊಡಿ ದೊಡ್ಡಮ್ಮ, ಇನ್ನು ನೀವುಂಟು ಅವುಂಟು" ಎಂದು ಹಾಸ್ಟೆಲಿಗೆ ಹೋದಳು. ನಾನು ಬಗ್ಗಿ ನೋಡಿದೆ. ಗ್ಯಾಸು ಹಾಯುವ ನೀರಿನ ಸೀಸೆಯೊಳಗೆ ಬಡಪಾಯಿ ಗುಳ್ಳೆ ಒಂದು, ಆಮೇಲೆ ಇನ್ನೊಂದು. ಲೆಕ್ಕವಿಲ್ಲದಷ್ಟು ಬಾಯಿಗಳಿಗೆ ಇದೊಂದು ಊಟವೇ? ಅದೂ ನಮ್ಮ ಮನೆಯಲ್ಲಿ, ನಮ್ಮ ಕೆಲಸಕ್ಕೆಂದು ಬಂದವಕ್ಕೆ! ತಿರುಪನ್ನು ಗೆರೆಯಾಚೆ ತಿರುಗಿಸಿದೆ. ಗುಳ್ಳೆಗಳು ಬುಳುಬುಳು ಎದ್ದವು. ಆ ದಿನ ನೆಮ್ಮದಿಯಾಗಿ ಉಂಡೆ.

ಯಜಮಾನರು ಹೇಳಿದ ಟೆಸ್ಟಿಗೆ ಮೊದಲೇ ಶ್ರುತಿ ವಾಪಸು ಬಂದು ತಾನೇ ಒಮ್ಮೆ ನೀರು ಪರೀಕ್ಷಿಸಿದರೆ ವಿಷ ಇದ್ದಂತೆಯೇ ಇದೆ. ತಿರುಪು ನೋಡಿ ತಲೆ ಚಚ್ಚಿಕೊಂಡಳು. "ಏನ್ ದೊಡ್ಡಮ್ಮ ಇದು! ಗ್ಯಾಸ್ ಜೊತೆ ಹುಡುಗಾಟ ಆಡ್ತಾರಾ? ಮೀಥೇನ್ ಹಿಡಿಯೋ ಕೈಯಲ್ಲೇ ಅವು ವಿಷಾನೂ ಹಿಡಿಯೋದು. ಕೈತುಂಬ ಊಟ ಇದ್ರೆ ಬೇರೆ ಕೆಲಸಕ್ಕೆ ಕೈಯೆಲ್ಲಿ ಬಿಡುವು? ಪೂರ್ತಿ ಉಪವಾಸ ಕೆಡವಿದ್ರೂ ಸಾಯ್ತವೆ, ಜಾಸ್ತಿ ಆದ್ರೂ ವಿಷದ ಕಡೆ ತಿರುಗಿ ನೋಡಲ್ಲ." ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ, ನನ್ನ ಅಮೃತ ಅತಿಯಾಗಿ ವಿಷ ಹಾಗೇ ಉಳಿದಿತ್ತು. ಒಂದು ಬಾವಿಯನ್ನು ಉಪಚಾರ ಮಾಡಿಯೇ ಮುಚ್ಚಿಸುವವಳಿದ್ದೆ. ನನಗೆ ಅಳು ಬಂತು.

ಆಗ ಕುರ್ಚಿಯಿಂದ ನಗು ಕೇಳಿಸಿತು. ಎಷ್ಟೋ ದಿನದ ಮೇಲೆ ಮಾವ ನಗುತ್ತಿದ್ದರು. "ನಂಗೂ ಹಿಂಗೇ ಮಾಡವ್ಳೆ ಕಣವ್ವ" ಎಂದರು ಶ್ರುತಿಗೆ. "ತಟ್ಟೆ ಇಲ್ಗೇ, ನೀರು ಇಲ್ಗೇ. ಮುದ್ದೆ ಮೇಲೆ ಮುದ್ದೆ. ನಾನೂ ಕೈ ಆಡ್ಸೋದೇ ಮರ್ತ್‌ಬಿಟ್ಟೆ." ಆಮೇಲೆ ಎದ್ದು ನಿಂತು, ನನ್ನ ಕಡೆ ತಿರುಗಿ, "ಆ ತಿರುಪು ನಾನ್ ನೋಡ್ಕೋತೀನಿ. ಮೋಟ್ರೂ ಬ್ಯಾಡ, ತೊಟ್ಟಿಗೆ ನಾನೇ ಸೇದಿ ಹಾಕ್ತೀನಿ. ಹಗ್ಗ ಎಲ್ಲವ್ವ ಇಕ್ಕಿದೀಯ?" ಎಂದರು.

ಹಗ್ಗ ಕೊಡಲು ನನಗೆ ಮನಸ್ಸಿರಲಿಲ್ಲ. ಬಿದ್ದರೆ? ಎದೆ ನೋವು ಬಂದರೆ? ಕೊಟ್ಟೆ.

ಮಾವ ಗೆರೆ ಮೀರುವವರಲ್ಲ. ಮುಂದಿನ ಪರೀಕ್ಷೆಯಲ್ಲಿ ವಿಷ ಬಹಳ ಮಟ್ಟಿಗೆ ಇಳಿದಿತ್ತು. ಕುಡಿಯಲು ಇನ್ನೂ ಬೇಡ, ಗಿಡಗಳಿಗೆ ಧಾರಾಳವಾಗಿ ಹಾಕಬಹುದು ಎಂದಳು ಶ್ರುತಿ. ಯಜಮಾನರು ಮಣ್ಣಿನ ಮಾತೆತ್ತಲಿಲ್ಲ. ಮಾವ ಡ್ರಮ್ಮಿನಿಂದ ಬಂದ ನೀರನ್ನು ಬಿಂದಿಗೆಗೆ ತುಂಬಿಕೊಂಡು, ಅರ್ಧ ನೀರು ಚೆಲ್ಲುತ್ತ, ದಾಸವಾಳದ ಕಡೆ ನಡೆದರು. ಬಿಂದಿಗೆ ಇಸಿದುಕೊಳ್ಳಲು ಓಡಿದ ನಾನು ಅರ್ಧ ದಾರಿಯಲ್ಲಿ ನಿಂತೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಇಷ್ಟು ಕಷ್ಟವೆಂದು ನನಗೆ ಯಾರೂ ಹೇಳಿರಲಿಲ್ಲ.

ಈಗ ಅವರ ತಟ್ಟೆಗೆ ಒಂದೇ ಮುದ್ದೆ, ಅದೂ ಅವರೇ ಅಡುಗೆಮನೆಗೆ ಬಂದು ಕೂತ ಮೇಲೆ. ಮುದ್ದೆಯ ಹೊಟ್ಟೆಯೊಳಗೆ ಒಂದು ಚಮಚ ತುಪ್ಪ ಇರುವುದು ಅವರಿಗೆ ಇನ್ನೂ ಗೊತ್ತಾಗಿಲ್ಲ; ಗೊತ್ತಾದರೆ ನನ್ನ ಕೈಗೂ ಉಗುರುಬಣ್ಣದ ಗೆರೆ ಎಳೆಸುತ್ತಾರೆ.